ಒಂಬತ್ತು ಎಕರೆಯಲ್ಲಿ ಒಂದು ಎಕರೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಇಂಜಿನಿಯರಿಂಗ್ ಓದಿದವರ ಚಾಳಿ, ಸಹಿಸ್ಕೊಳ್ಳಿ :)

ಮೈಸೂರು ಸೀಮೆಯ ಒಂದು ಮನೆ ಅಂತ ಇಟ್ಕೊಳ್ಳಿ. ಪಿತ್ರಾರ್ಜಿತ ಜಮೀನು 9 ಎಕರೆ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಭಾಗ ಆಗಬೇಕು. ಮಗಳಿಗೆ ಎಷ್ಟು ಬರುತ್ತೆ?

ಉತ್ತರ ನೀವು ಯಾವ ವರ್ಷದಲ್ಲಿ ನಿಂತು ಕೇಳ್ತೀರಿ ಅನ್ನೋದರ ಮೇಲಿದೆ. 1932ರಲ್ಲಿ ಕೇಳಿದ್ದರೆ ಜಮೀನಿನಲ್ಲಿ ಏನೂ ಇಲ್ಲ. ಮದುವೆ ಆಗುವ ತನಕ ಊಟ ಬಟ್ಟೆ, ಆಮೇಲೆ ಮದುವೆ ಖರ್ಚು, ಅಷ್ಟೇ. 1933ರ ನಂತರ ಕೇಳಿದ್ದರೆ, ಅವಳಿಗೆ ಇನ್ನೂ ಮದುವೆ ಆಗಿಲ್ಲದಿದ್ದರೆ, 1 ಎಕರೆ. ಇವತ್ತು ಕೇಳಿದರೆ, ಮದುವೆ ಆಗಿರಲಿ ಬಿಡಲಿ, 3 ಎಕರೆ. ಅಣ್ಣತಮ್ಮಂದಿರಿಗೆ ಎಷ್ಟೋ ಅಷ್ಟೇ.

ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಮೂರಕ್ಕೆ. ಈ ಎರಡು ಹೆಜ್ಜೆ ಇಡೋದಕ್ಕೆ ನಮಗೆ 70 ವರ್ಷಕ್ಕೂ ಮೇಲೆ ಬೇಕಾಯಿತು. ಮೊದಲ ಹೆಜ್ಜೆ ಇಟ್ಟದ್ದು ನಮ್ಮ ಹಳೇ ಮೈಸೂರು ಸಂಸ್ಥಾನ. ಕನ್ನಂಬಾಡಿ ಕಟ್ಟೆ, ಶಿವನಸಮುದ್ರದಿಂದ ಬೆಂಗಳೂರಿಗೆ ಬಂದ ಕರೆಂಟು, ಮೈಸೂರು ಸ್ಯಾಂಡಲ್ ಸೋಪು, ವಿಶ್ವವಿದ್ಯಾಲಯ... ಸಂಸ್ಥಾನದ ಸಾಧನೆಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಆದರೆ ಆ ಪಟ್ಟಿಯಲ್ಲಿ 1933ರ ಕಾಯ್ದೆ ಇರೋದನ್ನ ನಾನಂತೂ ಎಲ್ಲೂ ನೋಡಿಲ್ಲ. ಅದಕ್ಕೇ ಈ ಬರಹ.

ಆದರೆ 1933ಕ್ಕೆ ಹೋಗೋ ಮುಂಚೆ ಇನ್ನೂ ಹಿಂದಕ್ಕೆ, ಸುಮಾರು 900 ವರ್ಷ ಹಿಂದಕ್ಕೆ ಹೋಗಬೇಕು. ಅದೂ ಕರ್ನಾಟಕವೇ. ಬೀದರ್ ಜಿಲ್ಲೆಯ ಇವತ್ತಿನ ಬಸವಕಲ್ಯಾಣ, ಆಗಿನ ಕಲ್ಯಾಣ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಬಂಗಾಳ, ಅಸ್ಸಾಂ ಕಡೆ ಬಿಟ್ಟರೆ ಉಳಿದ ಹೆಚ್ಚುಕಡಿಮೆ ಇಡೀ ಭಾರತದಲ್ಲಿ ಹಿಂದೂ ಮನೆಗಳ ಆಸ್ತಿ ಹೇಗೆ ಪಾಲಾಗಬೇಕು ಅಂತ ಕೋರ್ಟುಗಳು ತೀರ್ಮಾನ ಮಾಡಿದ್ದು ಈ ಪುಸ್ತಕ ಇಟ್ಟುಕೊಂಡು. ಕಲ್ಯಾಣದಲ್ಲಿ ಕೂತು ಬರೆದ ಒಂದು ಗ್ರಂಥ ಕಾಶಿಯವರ ಪಾಲುಪಟ್ಟಿಯನ್ನೂ ನಿರ್ಧರಿಸಿತು ಅಂದರೆ ಸುಮ್ಮನೆ ಮಾತಲ್ಲ.

ಮಿತಾಕ್ಷರದ ಮುಖ್ಯ ತತ್ವ ಇಷ್ಟು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಹಕ್ಕು. ಅಪ್ಪ, ಮಗ, ಮೊಮ್ಮಗ, ಮರಿಮಗ ಎಲ್ಲ ಒಟ್ಟಿಗೇ ಪಾಲುದಾರರು. ಒಬ್ಬ ಸತ್ತರೆ ಅವನ ಪಾಲು ಉಳಿದ ಗಂಡಸರಿಗೆ ಸೇರಿಹೋಗುತ್ತೆ. ಈ ಪಾಲುದಾರರ ಗುಂಪಿನಲ್ಲಿ ಹೆಂಗಸರಿಗೆ ಜಾಗ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ ವಿಜ್ಞಾನೇಶ್ವರನಿಗೆ ಅನ್ಯಾಯ ಮಾಡಿದಂತಾಗುತ್ತೆ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಮದುವೆಯಾಗದ ತಂಗಿಗೆ ಕಾಲು ಪಾಲು ಕೊಡಬೇಕು ಅನ್ನೋ ಮಾತು ಮನುಸ್ಮೃತಿಯಲ್ಲೂ ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಇದೆ. ಇದನ್ನ ಕೆಲವು ವ್ಯಾಖ್ಯಾನಕಾರರು, "ಕಾಲು ಪಾಲು ಅಂದರೆ ನಿಜವಾಗಿ ಪಾಲಲ್ಲ, ಅವಳ ಮದುವೆಗೆ ಎಷ್ಟು ಬೇಕೋ ಅಷ್ಟು ಖರ್ಚು ಮಾಡಿದರೆ ಸಾಕು" ಅಂತ ಅರ್ಥ ಮಾಡಿದ್ದರು. ವಿಜ್ಞಾನೇಶ್ವರ ಈ ವಾದವನ್ನ ಎತ್ತಿಕೊಂಡು, ಇದು ಸರಿಯಲ್ಲ ಅಂತ ತಳ್ಳಿಹಾಕುತ್ತಾನೆ. ಕಾಲು ಪಾಲು ಅಂದರೆ ಪಾಲೇ, ಅಪ್ಪನ ನಂತರ ಮಗಳೂ ಅಂಶಕ್ಕೆ ಹಕ್ಕುದಾರಳು ಅನ್ನೋದು ಅವನ ನಿಲುವು. ಸ್ತ್ರೀಧನದ ವಿಷಯದಲ್ಲೂ ಹೀಗೇ. ಹೆಂಗಸಿಗೆ ಉತ್ತರಾಧಿಕಾರದಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ಭಾಗದಲ್ಲಿ ಸಿಕ್ಕಿದ್ದು, ಎಲ್ಲವೂ ಸ್ತ್ರೀಧನವೇ ಅಂತ ಅವನು ವಿಶಾಲವಾಗಿ ಅರ್ಥ ಮಾಡಿದ.

"ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು" ಅನ್ನೋ ಮಾತನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬೇಕಾಗುತ್ತೆ.

ಕಾಲಕ್ರಮದಲ್ಲಿ ಏನಾಯಿತು? ಬ್ರಿಟಿಷರ ಕೋರ್ಟುಗಳು ಬಂದವು. ಕೋಲ್‌ಬ್ರೂಕ್ ಅನ್ನೋ ಅಧಿಕಾರಿ 1810ರಲ್ಲಿ ಮಿತಾಕ್ಷರದ ದಾಯಭಾಗದ ಪ್ರಕರಣವನ್ನ ಇಂಗ್ಲಿಷಿಗೆ ಅನುವಾದ ಮಾಡಿದ. ಕೋರ್ಟುಗಳು ಗಂಡುಮಕ್ಕಳ ಹುಟ್ಟುಹಕ್ಕನ್ನ ಕಲ್ಲಿನಲ್ಲಿ ಕೆತ್ತಿದ ಹಾಗೆ ಹಿಡಿದವು. ತಂಗಿಯ ಕಾಲು ಪಾಲನ್ನ ಮಾತ್ರ ಬಳಕೆ ತಪ್ಪಿದ್ದು ಅಂತ ಪಕ್ಕಕ್ಕಿಟ್ಟು ಮದುವೆ ಖರ್ಚಿಗೆ ಇಳಿಸಿದವು. ಸ್ತ್ರೀಧನದ ವಿಶಾಲ ಅರ್ಥವನ್ನೂ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಗಂಡನಿಂದ ವಿಧವೆಗೆ ಬಂದ ಆಸ್ತಿ ಅವಳ ಜೀವ ಇರೋ ತನಕ ಅನುಭವಿಸೋಕೆ ಮಾತ್ರ, ಅವಳ ನಂತರ ಅದು ಗಂಡನ ಕಡೆಯವರಿಗೇ ವಾಪಸ್ ಅಂತಾಯಿತು. ಒಟ್ಟು ಕುಟುಂಬದಲ್ಲಿ ಗಂಡ ಸತ್ತರಂತೂ ಅಷ್ಟೂ ಇಲ್ಲ. ಅವನ ಪಾಲು ಮೈದುನ, ಭಾವಂದಿರಿಗೆ ಸೇರಿ, ಇವಳಿಗೆ ಉಳಿಯೋದು ಜೀವನಾಂಶ.

ಅಂದರೆ "ನಮ್ಮ ಹಳೇ ಶಾಸ್ತ್ರದಲ್ಲಿ ಹೆಣ್ಣಿಗೆ ಎಲ್ಲವೂ ಇತ್ತು, ಬ್ರಿಟಿಷರು ಬಂದು ಕೆಡಿಸಿದರು" ಅನ್ನೋಕೆ ಆಗಲ್ಲ. ಹುಟ್ಟುಹಕ್ಕು ಶಾಸ್ತ್ರದಲ್ಲೂ ಗಂಡಿಗೇ. ಆದರೆ ಇದ್ದ ಒಂದು ಸಣ್ಣ ಕಿಟಕಿಯನ್ನೂ ಮುಚ್ಚಿದ್ದು ಕೋರ್ಟುಗಳು. ಹಾಗೆಯೇ ಇಡೀ ಕನ್ನಡನಾಡು ಒಂದೇ ಥರ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಅಲ್ಲಿ ವಂಶ, ಆಸ್ತಿ ಎರಡೂ ಹೆಣ್ಣಿನ ಕಡೆಯಿಂದ. ಘಟ್ಟ ಇಳಿದರೆ ಕಾನೂನೇ ಬೇರೆ!

ಈಗ ಮೈಸೂರಿಗೆ ಬರೋಣ. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನ ಒಡೆಯರಿಗೆ ವಾಪಸ್ ಕೊಟ್ಟರು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಅದೇ ವರ್ಷ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಶ್ರಮದಿಂದ, ಅರಮನೆಯ ಆಶ್ರಯದಲ್ಲಿ, ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅದೇ ಮುಂದೆ ಬೆಳೆದು ಮಹಾರಾಣಿ ಕಾಲೇಜಾಯಿತು. ದೊಡ್ಡ ಮನೆಗಳ ಹೆಣ್ಣುಮಕ್ಕಳು ಹೊಸ್ತಿಲು ದಾಟೋದೇ ತಪ್ಪು ಅಂತಿದ್ದ ಕಾಲ ಅದು.

1894ರಲ್ಲಿ ಸಂಸ್ಥಾನ ಬಾಲ್ಯವಿವಾಹ ತಡೆಯೋ ಒಂದು ಕಾನೂನು ತಂದಿತು. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡೋ ಹಾಗಿಲ್ಲ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನ ಮದುವೆ ಆಗೋ ಹಾಗಿಲ್ಲ. ಇವತ್ತು ಓದಿದರೆ, ಇಷ್ಟೇನಾ ಅನ್ನಿಸುತ್ತೆ. ಆದರೆ ಬ್ರಿಟಿಷ್ ಇಂಡಿಯಾಕ್ಕೆ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, 35 ವರ್ಷ ಬಿಟ್ಟು. ಇಲ್ಲಿ ಈ ಅಲ್ಪ ಕಾನೂನಿಗೂ "ಮನೆ ಒಳಗಿನ ವಿಷಯದಲ್ಲಿ ಸರ್ಕಾರ ಯಾಕೆ ಕೈ ಹಾಕಬೇಕು" ಅನ್ನೋ ವಿರೋಧ ಇತ್ತು.

ಅದೇ 1894ರ ಕೊನೆಗೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜ ಇನ್ನೂ ಚಿಕ್ಕವರು. 1895ರಿಂದ 1902ರ ತನಕ ರೀಜೆಂಟ್ ಆಗಿ ರಾಜ್ಯ ನಡೆಸಿದ್ದು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೆಲಸ ಶುರುವಾದದ್ದು ಅವರ ಕಾಲದಲ್ಲೇ. ವಿಚಿತ್ರ ನೋಡಿ. ಒಬ್ಬ ವಿಧವೆ ಇಡೀ ಸಂಸ್ಥಾನ ನಡೆಸಬಹುದಿತ್ತು. ಅದೇ ಸಂಸ್ಥಾನದ ಸಾಮಾನ್ಯ ವಿಧವೆ ಗಂಡನ ಪಾಲಿನ ಅರ್ಧ ಎಕರೆಗೂ ಒಡತಿ ಆಗೋ ಹಾಗಿರಲಿಲ್ಲ.

ಆ ಸಾಮಾನ್ಯ ವಿಧವೆಯರ ನಡುವಿನಿಂದಲೇ ಒಂದು ದನಿ ಎದ್ದಿತು. ಮೈಸೂರಿಂದ ಒಂದು ಗಂಟೆಯೂ ಬೇಡದ ದಾರಿ, ನಂಜನಗೂಡು. ಅಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬ ಅವರಿಗೆ 10ನೇ ವಯಸ್ಸಿಗೆ ಮದುವೆ, 14ಕ್ಕೆ ವೈಧವ್ಯ. ಅವರು ಮನೆಯಲ್ಲೇ ಓದಿ, ಬರೆದು, 1913ರಲ್ಲಿ ಸತೀಹಿತೈಷಿಣೀ ಅನ್ನೋ ಗ್ರಂಥಮಾಲೆ ಶುರು ಮಾಡಿದರು. ತಾವೇ ಬರೆದರು, ತಾವೇ ಪ್ರಕಟಿಸಿದರು. ಕರ್ನಾಟಕ ನಂದಿನಿ, ಸನ್ಮಾರ್ಗದರ್ಶಿನಿ ಅನ್ನೋ ಪತ್ರಿಕೆಗಳನ್ನ ನಡೆಸಿದರು. ಅವರ ಬರಹದ ದನಿ ಇವತ್ತಿನ ಅರ್ಥದ ಸ್ತ್ರೀವಾದದ್ದಲ್ಲ, ಪಾತಿವ್ರತ್ಯವನ್ನ ಹೊಗಳುವ ಕಡೆಗಳೂ ಬೇಕಾದಷ್ಟಿವೆ. ಆದರೆ ಆ ಕಾಲದ ಒಬ್ಬ ವಿಧವೆ ತನ್ನ ಹೆಸರು ಹಾಕಿ ಪುಸ್ತಕ ಅಚ್ಚು ಹಾಕಿಸಿ ಮಾರಿದ್ದೇ ಒಂದು ವಾದ ಅಲ್ಲವಾ? ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ಸರಸ್ವತಿ ಪತ್ರಿಕೆಯನ್ನ ದಶಕಗಟ್ಟಲೆ ನಡೆಸಿದರು. ಹೆಂಗಸರು ಓದುವುದು, ಹೆಂಗಸರೇ ಬರೆಯುವುದು, ತಮ್ಮ ಕಷ್ಟವನ್ನ ತಾವೇ ಹೇಳುವುದು, ಇವೆಲ್ಲ ಕಾನೂನಿಗಿಂತ ಮುಂಚೆ ಆದವು.

1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಹೊಸ ಕಾನೂನು ಬಂದಾಗ, ಹೆಣ್ಣು ಅನ್ನೋ ಕಾರಣಕ್ಕೆ ಮತ ಇಲ್ಲ ಅನ್ನೋ ನಿಯಮ ತೆಗೆದುಹಾಕಿದರು. ಕೇಳೋಕೆ ಚೆನ್ನಾಗಿದೆ. ಆದರೆ ಮತ ಇದ್ದದ್ದು ಕಂದಾಯ, ತೆರಿಗೆ ಕಟ್ಟೋರು, ಓದಿದವರು, ಹೀಗೆ ಅರ್ಹತೆ ಇದ್ದವರಿಗೆ. ಕಂದಾಯ ಕಟ್ಟಬೇಕಾದರೆ ಜಮೀನು ಹೆಸರಲ್ಲಿರಬೇಕು. ಜಮೀನಿನ ಹಕ್ಕೇ ಇಲ್ಲದವಳಿಗೆ ಮತದ ಹಕ್ಕು ಎಲ್ಲಿಂದ ಬರಬೇಕು? ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗಿನ್ ಕೊಟ್ಟರು, ಪಾಸ್‌ವರ್ಡ್ ಕೊಡಲಿಲ್ಲ. ಆಸ್ತಿಯ ಪ್ರಶ್ನೆ ಬಿಡಿಸದೆ ಉಳಿದ ಯಾವ ಹಕ್ಕೂ ಪೂರ್ತಿಯಾಗಲ್ಲ ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಹಾಗೆ ಬಂದದ್ದು 1933ರ 10ನೇ ಕಾಯ್ದೆ, ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಅದರಲ್ಲಿ ಏನಿತ್ತು ಅಂತ ಸರಳವಾಗಿ ಹೇಳ್ತೀನಿ.

ಒಂದು, ಒಟ್ಟು ಕುಟುಂಬ ಭಾಗ ಆಗುವಾಗ ಹೆಂಗಸರಿಗೂ ಪಾಲು. ತಾಯಿಗೆ ಮಗನ ಪಾಲಿನ ಅರ್ಧ. ವಿಧವೆಗೆ, ಗಂಡ ಬದುಕಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅದರ ಅರ್ಧ, ಗಂಡುಸಂತಾನ ಇಲ್ಲದಿದ್ದರೆ. ಮದುವೆಯಾಗದ ಮಗಳು ಅಥವಾ ತಂಗಿಗೆ, ಅಣ್ಣತಮ್ಮನ ಪಾಲಿನ ಕಾಲು ಭಾಗ.

ಎರಡು, ಕೊನೆಗೆ ಒಬ್ಬನೇ ಗಂಡಸು ಉಳಿದು ಆಸ್ತಿಯೆಲ್ಲ ಅವನಿಗೇ ಸೇರಿದರೂ, ಈ ಹೆಂಗಸರ ಪಾಲು ಅದರೊಳಗೆ ಇದ್ದೇ ಇರುತ್ತೆ. "ಭಾಗ ಮಾಡಿಕೊಳ್ಳೋಕೆ ಇನ್ನೊಬ್ಬ ಗಂಡಸೇ ಇಲ್ಲ, ಹಾಗಾಗಿ ಭಾಗವೇ ಇಲ್ಲ" ಅಂತ ತಪ್ಪಿಸಿಕೊಳ್ಳೋ ಹಾಗಿಲ್ಲ. ಬರೆದವರಿಗೆ ಮನೆಗಳಲ್ಲಿ ಏನೇನು ನಡೆಯುತ್ತೆ ಅಂತ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ.

ಮೂರು, ಸ್ತ್ರೀಧನದ ಅರ್ಥವನ್ನ ಮತ್ತೆ ವಿಶಾಲ ಮಾಡಿದರು. ಪೂರ್ತಿ ಹಕ್ಕಿನಿಂದ ಬಂದ ಎಲ್ಲ ಥರದ ಆಸ್ತಿಯೂ ಸ್ತ್ರೀಧನ. ಹಲವು ಸಂದರ್ಭಗಳಲ್ಲಿ ಉತ್ತರಾಧಿಕಾರದಿಂದ ಬಂದದ್ದೂ ಸೇರಿತು.

ನಾಲ್ಕು, ಗಂಡ ಬರಹದಲ್ಲಿ ಬೇಡ ಅಂದಿಲ್ಲದಿದ್ದರೆ ವಿಧವೆ ದತ್ತು ತೆಗೆದುಕೊಳ್ಳಬಹುದು. ಅವನ ಒಪ್ಪಿಗೆ ಇತ್ತು ಅಂತಲೇ ಭಾವಿಸಬೇಕು.

ನಮ್ಮ 9 ಎಕರೆಗೆ ಇದನ್ನ ಹಾಕಿ ನೋಡಿ. ಅಣ್ಣನಿಗೆ 4, ತಮ್ಮನಿಗೆ 4, ಮದುವೆಯಾಗದ ತಂಗಿಗೆ 1. ವಿಜ್ಞಾನೇಶ್ವರನ ಕಾಲು ಪಾಲು ಕಲ್ಯಾಣದಿಂದ ಹೊರಟು ಎಂಟು ಶತಮಾನ ಬಿಟ್ಟು ಮೈಸೂರಿನ ಕಾನೂನು ಪುಸ್ತಕಕ್ಕೆ ಬಂದು ತಲುಪಿತು!

ಈ ಕಾಯ್ದೆ ಎಷ್ಟು ಮುಂದಿತ್ತು ಅಂತ ತಿಳಿಯೋಕೆ ಅಕ್ಕಪಕ್ಕ ನೋಡಬೇಕು. 1927ರಲ್ಲಿ ಪುಣೆಯಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನ 1934ರಲ್ಲಿ, ಹಿಂದೂ ಸ್ತ್ರೀಯರ ಕಾನೂನು ತೊಡಕುಗಳ ಬಗ್ಗೆ ವಿಚಾರಣಾ ಆಯೋಗ ನೇಮಿಸಿ ಅಂತ ಬ್ರಿಟಿಷ್ ಸರ್ಕಾರವನ್ನ ಕೇಳಿತು. ರೇಣುಕಾ ರೇ ಇದರ ಬಗ್ಗೆ ಒಂದು ಕಿರುಪುಸ್ತಕವನ್ನೇ ಬರೆದರು. ಅವರು ಕೇಳುತ್ತಿದ್ದ ಹೊತ್ತಿಗೆ ಇಲ್ಲಿ ಕಾಯ್ದೆ ಬಂದು ಒಂದು ವರ್ಷ ಆಗಿತ್ತು. 1937ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಬಂದ ಕಾಯ್ದೆ ವಿಧವೆಗೆ ಪಾಲು ಕೊಟ್ಟಿತು, ಆದರೆ ಜೀವ ಇರೋ ತನಕ ಮಾತ್ರ. ಮಗಳಿಗೆ ಏನೂ ಇಲ್ಲ. ಅಂದರೆ ಆಗ ಮೈಸೂರಿನ ಕನ್ನಡತಿಗೆ ಇದ್ದ ಕಾಲು ಪಾಲು ಧಾರವಾಡದ ಕನ್ನಡತಿಗೆ ಇರಲಿಲ್ಲ.

ಹೊಗಳಿದ್ದು ಸಾಕು, ಕೊರತೆಯನ್ನೂ ನೋಡೋಣ. ಯಾಕೆ ಕಾಲು? ಯಾಕೆ ಪೂರ್ತಿ ಅಲ್ಲ? ಯಾಕೆ ಮದುವೆಯಾಗದವಳಿಗೆ ಮಾತ್ರ? ಹೆಚ್ಚುಕಡಿಮೆ ಎಲ್ಲ ಹುಡುಗಿಯರಿಗೂ ಚಿಕ್ಕ ವಯಸ್ಸಲ್ಲೇ ಮದುವೆ ಆಗುತ್ತಿದ್ದ ಕಾಲದಲ್ಲಿ "ಮದುವೆಯಾಗದ ಮಗಳಿಗೆ ಪಾಲು" ಅಂದರೆ ಎಷ್ಟು ಜನಕ್ಕೆ ದಕ್ಕೀತು? ಭಾಗ ಆಗುವ ದಿನಕ್ಕೆ ಅವಳು ಮದುವೆಯಾಗಿ ಹೋಗಿದ್ದರೆ ಮುಗಿಯಿತು. ಅಣ್ಣತಮ್ಮಂದಿರು ಒಂದೆರಡು ವರ್ಷ ಭಾಗವನ್ನ ಮುಂದಕ್ಕೆ ಹಾಕಿದರೆ ಸಾಕಿತ್ತು.

ಈ "ಮದುವೆಯ ಗೆರೆ" ಇದೆಯಲ್ಲ, ಇದೇ ಇಡೀ ಕಥೆಯ ಖಳನಾಯಕ. ಮುಂದೆ ನೋಡಿ ಇದು ಎಷ್ಟು ಸಲ ವೇಷ ಬದಲಿಸಿ ಬರುತ್ತೆ.

1941ರಲ್ಲಿ ಸರ್ಕಾರ ನೇಮಿಸಿದ ಹಿಂದೂ ಕಾನೂನು ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಮಂಗಳೂರಿನವರೇ ಆದ ಬೆನಗಲ್ ನರಸಿಂಗ ರಾಯರು. ಅಲ್ಲಿಂದ ಹಿಂದೂ ಕೋಡ್ ಬಿಲ್. ಅಂಬೇಡ್ಕರ್ ಅದಕ್ಕಾಗಿ ಹೋರಾಡಿ, ಅದು ಪಾಸಾಗದೆ ನಿಂತಾಗ 1951ರಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಬಿಲ್ ಚೂರುಚೂರಾಗಿ ಪಾಸಾಯಿತು. ಅದರಲ್ಲಿ ಒಂದು ಚೂರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ.

1956ರ ಕಾಯ್ದೆ ದೊಡ್ಡದೇ. ಹೆಂಗಸಿನ ಆಸ್ತಿ ಪೂರ್ತಿ ಅವಳದೇ ಅಂತ ಹೇಳಿತು. ಅಪ್ಪನ ಸ್ವಂತ ಆಸ್ತಿಯಲ್ಲಿ ಮಗ ಮಗಳು ಸಮ ಅಂತ ಹೇಳಿತು. ಆದರೆ ಪಿತ್ರಾರ್ಜಿತ ಆಸ್ತಿಗೆ ಬಂದಾಗ ಗಂಡುಮಕ್ಕಳ ಹುಟ್ಟುಹಕ್ಕನ್ನ ಮುಟ್ಟಲಿಲ್ಲ. ನಮ್ಮ 9 ಎಕರೆಯ ಅಪ್ಪ 1956ರ ನಂತರ ತೀರಿಕೊಂಡ ಅಂತ ಇಟ್ಕೊಳ್ಳಿ. ಮೊದಲು ಅಪ್ಪ ಮತ್ತು ಇಬ್ಬರು ಮಕ್ಕಳ ನಡುವೆ ಭಾಗ ಆಯಿತು ಅಂತ ಭಾವಿಸಬೇಕು. ಮೂವರಿಗೂ 3, 3, 3. ಆಮೇಲೆ ಅಪ್ಪನ 3 ಎಕರೆಯನ್ನ ಮೂರು ಮಕ್ಕಳಿಗೆ ಹಂಚಬೇಕು. ಮಗಳಿಗೆ 1. ಗಂಡುಮಕ್ಕಳಿಗೆ 3 ಜೊತೆ 1, ಅಂದರೆ ತಲಾ 4.

ಗಮನಿಸಿದ್ರಾ? 4, 4, 1. ಈ ಮನೆಯ ಮಟ್ಟಿಗೆ ಉತ್ತರ 1933ರ ಮೈಸೂರಿನ ಉತ್ತರವೇ! ಮದುವೆಯಾದ ಮಗಳಿಗೂ ಸಿಕ್ಕಿತು ಅನ್ನೋದು ದೊಡ್ಡ ವ್ಯತ್ಯಾಸ, ನಿಜ. ಆದರೆ ಸಂವಿಧಾನ ಬಂದು, ಸಮಾನತೆ ಮೂಲಭೂತ ಹಕ್ಕಾಗಿ ಆರು ವರ್ಷ ಆದಮೇಲೂ ಆ ಮಗಳ ಅಳತೆ ಕಾಲೇ. ಸಾಲದ್ದಕ್ಕೆ, ಗಂಡುಮಕ್ಕಳು ವಾಸ ಇರೋ ಮನೆಯನ್ನ ಅವರಾಗಿ ಭಾಗ ಮಾಡಿಕೊಳ್ಳೋ ತನಕ ಮಗಳು ಭಾಗ ಕೇಳೋ ಹಾಗಿಲ್ಲ ಅಂತ ಇನ್ನೊಂದು ಕಲಂ.

ಮುಂದಿನ ಹೆಜ್ಜೆಗೆ ಮತ್ತೆ ದಶಕಗಳು ಬೇಕಾದವು. ಈ ನಡುವೆ ಮೈಸೂರಿನಲ್ಲಿ ಇನ್ನೊಂದು ಥರದ ಕೆಲಸ ನಡೆಯಿತು. 70ರ ದಶಕದ ಕೊನೆಗೆ ಇಲ್ಲಿ ಸಮತಾ ವೇದಿಕೆ ಹುಟ್ಟಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕವಯಿತ್ರಿ ವಿಜಯಾ ದಬ್ಬೆ ಅದರ ಮುಂಚೂಣಿಯಲ್ಲಿದ್ದರು. ವರದಕ್ಷಿಣೆ, ಮನೆಯೊಳಗಿನ ಹೊಡೆತ, ಇಂಥ "ಸಂಸಾರದ ಗುಟ್ಟು"ಗಳನ್ನ ಬೀದಿಗೆ ತಂದು ಇದು ಹಕ್ಕಿನ ಪ್ರಶ್ನೆ ಅಂತ ಹೇಳಿದ ಗುಂಪು ಅದು. ವಿಜಯಾ ದಬ್ಬೆಯವರು 1999ರಲ್ಲಿ ಅಪಘಾತಕ್ಕೆ ಸಿಕ್ಕು, ಆಮೇಲೆ ಮೊದಲಿನಂತೆ ಬರೆಯಲಾಗದೆ, 2018ರಲ್ಲಿ ತೀರಿಕೊಂಡರು. ಅವರು ಬರೆದದ್ದಷ್ಟೇ ಅಲ್ಲ, ಹಳೆಯ ಲೇಖಕಿಯರ ಬರಹಗಳನ್ನ ಹುಡುಕಿ ಓದುಗರ ಮುಂದಿಟ್ಟರು. 1933ರಲ್ಲಿ ಹೆಂಗಸರ ಪರವಾಗಿ ಕಾನೂನು ಮಾಡುವ ಜಾಗದಲ್ಲಿ ಕೂತಿದ್ದವರು ಗಂಡಸರು. ಈಗ ಹೆಂಗಸರೇ ತಮ್ಮ ಪರವಾಗಿ ಮಾತಾಡಲು ಎದ್ದರು. ಈ ವ್ಯತ್ಯಾಸ ಸಣ್ಣದಲ್ಲ.

ಹೊರಗಡೆ ಪ್ರಪಂಚದಲ್ಲೂ ಗಾಳಿ ಬದಲಾಗುತ್ತಿತ್ತು. 1979ರಲ್ಲಿ ವಿಶ್ವಸಂಸ್ಥೆ ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಯ ಒಪ್ಪಂದ ಮಾಡಿತು. ಭಾರತ 1993ರಲ್ಲಿ ಅದನ್ನ ಅಂಗೀಕರಿಸಿತು. ಆದರೆ ಒಂದು ಷರಾ ಬರೆಯಿತು: ಯಾವುದೇ ಸಮುದಾಯದ ವೈಯಕ್ತಿಕ ವಿಷಯದಲ್ಲಿ, ಆ ಸಮುದಾಯ ತಾನಾಗಿ ಮುಂದೆ ಬಂದು ಒಪ್ಪದ ಹೊರತು, ನಾವು ಕೈಹಾಕುವುದಿಲ್ಲ ಅಂತ. 1894ರಲ್ಲಿ ಕೇಳಿಬಂದ "ಮನೆ ಒಳಗಿನ ವಿಷಯ" ಅನ್ನೋ ಮಾತೇ ನೂರು ವರ್ಷ ಬಿಟ್ಟು ಕೋಟು ಹಾಕಿಕೊಂಡು ಬಂದ ಹಾಗಿಲ್ಲವಾ? ಸಮುದಾಯ ಒಪ್ಪಬೇಕು, ಸರಿ. ಆದರೆ ಆ ಸಮುದಾಯದ ಪರವಾಗಿ ಮಾತಾಡೋರು ಯಾರು? ಅದರ ಅರ್ಧ ಜನ ಹೆಂಗಸರಲ್ಲವಾ?

ಕರ್ನಾಟಕ 1994ರ ಜುಲೈ 30ರಿಂದ ಮಗಳಿಗೂ ಮಗನಂತೆಯೇ ಹುಟ್ಟುಹಕ್ಕು ಕೊಟ್ಟಿತು. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ಮಾಡಿದ್ದವು. ಕೊನೆಗೂ 3, 3, 3! ಆದರೆ ನಿಲ್ಲಿ, ಒಂದು ಷರತ್ತು ಇತ್ತು. ಆ ದಿನಕ್ಕಿಂತ ಮುಂಚೆ ಮದುವೆ ಆಗಿದ್ದವರಿಗೆ ಇದು ಅನ್ವಯ ಆಗಲ್ಲ. 1933ರ ಗೆರೆ 61 ವರ್ಷ ಬಿಟ್ಟು ಮತ್ತೆ ಅದೇ ಜಾಗದಲ್ಲಿ ಬಂದು ನಿಂತಿತು. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಹುಟ್ಟುಹಕ್ಕಿಲ್ಲ, 1995ರಲ್ಲಿ ಮದುವೆಯಾದ ತಂಗಿಗೆ ಇದೆ.

ಈ ಗೆರೆ ನಮ್ಮ ಆಸ್ತಿಯೇನಲ್ಲ ಬಿಡಿ. ನೇಪಾಳ 2002ರಲ್ಲಿ ಮಗಳಿಗೆ ಹುಟ್ಟುಹಕ್ಕು ಕೊಟ್ಟಿತು, ಆದರೆ ಮದುವೆಯಾದರೆ ವಾಪಸ್ ಕೊಡಬೇಕು ಅಂದಿತು. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ವಯಸ್ಸಾದ ನಾಲ್ವರು ಅಕ್ಕತಂಗಿಯರು ತವರುಮನೆಯ ಹಕ್ಕಿಗಾಗಿ ಕೋರ್ಟ್ ಹತ್ತಿದರು. ಮನೆ ಗಂಡಿಗೇ ಸೇರಬೇಕು ಅನ್ನೋದು ಅಲ್ಲಿನ ಸಂಪ್ರದಾಯ. 2012ರಲ್ಲಿ ಅವರು ಗೆದ್ದರು, 2013ರಲ್ಲಿ ಮೇಲಿನ ಕೋರ್ಟೂ ಅವರ ಪರವಾಗಿಯೇ ನಿಂತಿತು. ಭಾಷೆ ಬೇರೆ, ದೇಶ ಬೇರೆ, ವಾದ ಮಾತ್ರ ಒಂದೇ: ಅವಳು ಹೊರಗೆ ಹೋಗೋಳು.

ಇಡೀ ದೇಶಕ್ಕೆ ಈ ಗೆರೆ ಅಳಿಸಿದ್ದು 2005ರ ಸೆಪ್ಟೆಂಬರ್ 9ರ ತಿದ್ದುಪಡಿ. ಮದುವೆ ಆಗಿರಲಿ ಬಿಡಲಿ ಮಗಳು ಹುಟ್ಟಿನಿಂದ ಪಾಲುದಾರಳು. ವಾಸದ ಮನೆಯ ಆ ಕಲಮ್ಮೂ ಹೋಯಿತು. ಆದರೂ ಗೆರೆ ಇನ್ನೊಂದು ವೇಷ ಹಾಕಿತು. ನಮ್ಮ ಬೆಳಗಾವಿಯಿಂದ ಹೊರಟ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, 2005ರ ಆ ದಿನ ಅಪ್ಪ ಬದುಕಿರಬೇಕು ಅಂದಿತು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು. ಹಕ್ಕು ಬರೋದು ಹುಟ್ಟಿನಿಂದ, ಅಪ್ಪ ಆ ದಿನ ಬದುಕಿದ್ದನೋ ಇಲ್ಲವೋ ಮುಖ್ಯ ಅಲ್ಲ ಅಂತ ಮೂವರು ನ್ಯಾಯಾಧೀಶರ ಪೀಠ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಸರಿಯಾಗಿ ಆಗಿಹೋದ ಭಾಗಗಳನ್ನ ಮಾತ್ರ ಮತ್ತೆ ತೆರೆಯೋ ಹಾಗಿಲ್ಲ.

(ಇದೆಲ್ಲ ಹಿಂದೂ ಕಾನೂನಿನ ಕಥೆ. ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳ ಹಕ್ಕಿನ ದಾರಿ ಬೇರೆ, ಅದಕ್ಕೆ ಬೇರೆಯದೇ ಬರಹ ಬೇಕು.)

ಸರಿ, ಕಾನೂನು ಗೆದ್ದಿತು. 9 ಎಕರೆಯಲ್ಲಿ 3 ಎಕರೆ ಕೈಗೆ ಬಂತಾ?

ಯಾವುದಾದರೂ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅರ್ಧ ದಿನ ನಿಂತು ನೋಡಿ. ಪತ್ರ ಬರೆಯೋರ ಮೇಜಿನ ಸುತ್ತ ಒಂದು ಕುಟುಂಬ. ಅಣ್ಣತಮ್ಮಂದಿರು ಓಡಾಡ್ತಿರ್ತಾರೆ. ಅಕ್ಕತಂಗಿಯರು ಬೆಂಚಿನ ಮೇಲೆ ಕೂತಿರ್ತಾರೆ, ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು. ಬರೆಯೋದು ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮದ ಬಾಬ್ತು ಅಂತ ಒಂದಿಷ್ಟು ಹಣ, ಜೊತೆಗೆ ಒಂದು ಸೀರೆ. ಹೆಬ್ಬೆಟ್ಟು, ಫೋಟೋ, ಮುಗೀತು. 2005ರ ನಂತರ ಹೆಣ್ಣುಮಕ್ಕಳ ಸಹಿ ಇಲ್ಲದೆ ಜಮೀನು ಮಾರೋಕೆ, ಬ್ಯಾಂಕ್ ಸಾಲ ತಗೊಳ್ಳೋಕೆ ತೊಂದರೆ. ಹಾಗಾಗಿ ಕಾನೂನು ಅವಳಿಗೆ ಜಮೀನು ಕೊಡ್ತೋ ಇಲ್ಲವೋ, ಸಹಿ ಹಾಕೋ ಕೆಲಸವನ್ನಂತೂ ಕೊಟ್ಟಿತು.

ಪಹಣಿ ತೆಗೆದು ನೋಡಿ. ಒಂಬತ್ತನೇ ಕಲಮಿನಲ್ಲಿ ಅಪ್ಪನ ಹೆಸರು, ಪೌತಿ ಖಾತೆ ಆದಮೇಲೆ ಅಣ್ಣನ ಹೆಸರು. ನಮ್ಮ ಭೂಮಿ ಸಾಫ್ಟ್‌ವೇರ್ ದೇಶಕ್ಕೇ ಮಾದರಿ ಆಯಿತು, ಹೆಮ್ಮೆಯೇ. ಆದರೆ ಡೇಟಾಬೇಸ್ ಅನ್ನೋದು ನಾವು ತುಂಬಿದ್ದನ್ನ ತಾನೇ ತೋರಿಸೋದು? 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಮಾಡೋರು ಯಾರು ಅಂತ ಹಳ್ಳಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಅವಳು ಯಾಕೆ ಸಹಿ ಹಾಕ್ತಾಳೆ? ಕಾನೂನು ಗೊತ್ತಿಲ್ಲ ಅಂತಲ್ಲ. ಟಿವಿ, ವಾಟ್ಸಾಪ್ ಎಲ್ಲ ಹೇಳಿವೆ, ಗೊತ್ತಿದೆ. ಕೇಳಿದರೆ ತವರು ಹೋಗುತ್ತೆ ಅನ್ನೋ ಭಯ. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರಲ್ಲ. ಮಗಳ ಮದುವೆಗೆ ಸೋದರಮಾವ ನಿಲ್ಲಲ್ಲ. ನಾಳೆ ಗಂಡನ ಮನೆಯಲ್ಲಿ ಹೆಚ್ಚುಕಡಿಮೆ ಆದರೆ ಹೋಗಿ ನಿಲ್ಲೋಕೆ ಒಂದು ಬಾಗಿಲು ಇರಲ್ಲ. 3 ಎಕರೆ ಮತ್ತು ಆ ಬಾಗಿಲು, ಎರಡರಲ್ಲಿ ಒಂದು ಆರಿಸ್ಕೋ ಅಂದರೆ ಅವಳು ಬಾಗಿಲನ್ನ ಆರಿಸ್ಕೊಳ್ತಾಳೆ. ಇದನ್ನ ತ್ಯಾಗ ಅಂತ ನಾವು ಹೊಗಳ್ತೀವಿ. ಅಣ್ಣನಿಗೆ ಮಾತ್ರ ಈ ಆಯ್ಕೆಯ ಪ್ರಶ್ನೆಯೇ ಬರಲ್ಲ. ಅವನಿಗೆ ಜಮೀನೂ ಉಂಟು, ಮನೆಯೂ ಉಂಟು.

"ಮದುವೆಗೆ ಅಷ್ಟು ಖರ್ಚು ಮಾಡಿಲ್ವಾ, ಅದೇ ಅವಳ ಪಾಲು" ಅಂತ ನನ್ನ ವಯಸ್ಸಿನ, ನನ್ನಷ್ಟೇ ಓದಿದ, ಮೈಸೂರು ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡೋ ಹುಡುಗರೇ ಹೇಳೋದನ್ನ ಕೇಳಿದ್ದೀನಿ. ಈ ವಾದ ಹೊಸದಲ್ಲ ಸ್ವಾಮಿ. ವಿಜ್ಞಾನೇಶ್ವರ 900 ವರ್ಷದ ಹಿಂದೆ ಇದನ್ನ ಕೇಳಿ, ಯೋಚಿಸಿ, ತಪ್ಪು ಅಂತ ಬರೆದಿಟ್ಟು ಹೋಗಿದ್ದಾನೆ. ಸಂಪ್ರದಾಯದ ಹೆಸರಲ್ಲಿ ವಾದ ಮಾಡೋದಾದರೂ ಪೂರ್ತಿ ಓದಿ ಮಾಡಬೇಕಲ್ಲವಾ?

ನನಗೊಬ್ಬಳು ತಂಗಿ ಇದ್ದಾಳೆ. ನಮ್ಮದು 9 ಎಕರೆ ಏನಿಲ್ಲ, ಊರಲ್ಲಿ ಸ್ವಲ್ಪ ಜಮೀನು, ಒಂದು ಹಳೇ ಹೆಂಚಿನ ಮನೆ. ಅವಳು ಕೇಳ್ತಾಳಾ ಇಲ್ಲವಾ ಗೊತ್ತಿಲ್ಲ. ಆದರೆ ಅವಳು ಕೇಳಬೇಕಾದ ಪರಿಸ್ಥಿತಿಯೇ ಬರಬಾರದು ಅನ್ನೋದು ನನ್ನ ಲೆಕ್ಕ. 1933ರಲ್ಲಿ ಹೆಂಗಸರ ಪರವಾಗಿ ಕೆಲವು ಗಂಡಸರು ಕಾನೂನು ಬರೆದರು. ಆಮೇಲೆ ಹೆಂಗಸರೇ ಹೋರಾಡಿ ಕೋರ್ಟಿಂದ ಕೋರ್ಟಿಗೆ ಅಲೆದು ಅದನ್ನ ಪೂರ್ತಿ ಮಾಡಿದರು. ಇನ್ನು ಉಳಿದಿರೋ ಕೆಲಸ ಕೋರ್ಟಿನದೂ ಅಲ್ಲ, ವಿಧಾನಸೌಧದ್ದೂ ಅಲ್ಲ. ಪಾಲುಪಟ್ಟಿ ಬರೆಯೋ ದಿನ ತಂಗಿಯ ಹೆಸರನ್ನೂ ಬರೆಸಿ, ಮುಂದಿನ ಗೌರಿ ಹಬ್ಬಕ್ಕೆ ಬಾಗಿನವನ್ನೂ ತೆಗೆದುಕೊಂಡು ಹೋಗೋ ಅಣ್ಣತಮ್ಮಂದಿರದ್ದು.

ನಿಮ್ಮ ಕಡೆ ಭಾಗ ಆಗುವಾಗ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು? ಅಜ್ಜಿ, ಅತ್ತೆ, ಅಕ್ಕಂದಿರನ್ನ ಒಂದು ಸಲ ಕೇಳಿ ನೋಡಿ. ಅವರು ಹೇಳಿದ್ದನ್ನ ನೀವೂ ಬರೀರಿ.